ಒಂದೇ ವಿಡಿಯೋ, ಎರಡು ಕೇಸು: ಅಲಬಾಮಾದ ಒಂದು ಪೊಲೀಸ್ ಪ್ರಕರಣ

ಪೊಲೀಸರು ಕೈ ಮಾಡಿದ್ದು ವಿಡಿಯೋದಲ್ಲಿ ಸಿಕ್ಕಿಬಿಟ್ಟರೆ ಕೇಸು ಗೆದ್ದಂತೆಯೇ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಮೆರಿಕದ ಅಲಬಾಮಾ ರಾಜ್ಯದ ಈ ಪ್ರಕರಣದಲ್ಲಿ ಪೊಲೀಸ್ ಗಾಡಿಗಳ ಕ್ಯಾಮೆರಾದಲ್ಲಿ ಎಲ್ಲವೂ ಸೆರೆಯಾಗಿತ್ತು. ಧ್ವನಿಯೂ ಇತ್ತು. ಪೊಲೀಸ್ ಮುಖ್ಯಸ್ಥರೇ ತಮ್ಮ ಅಧಿಕಾರಿಯದು ತಪ್ಪು ಎಂದರು. ರಾಜ್ಯದ ಗವರ್ನರ್ ಕ್ಷಮೆ ಕೇಳಿದರು. ಇಷ್ಟಾದರೂ ಕ್ರಿಮಿನಲ್ ಕೇಸು ಬಿದ್ದುಹೋಯಿತು. ಅದೇ ವಿಡಿಯೋ ಇಟ್ಟುಕೊಂಡು ಹಾಕಿದ ಸಿವಿಲ್ ಕೇಸು ಮಾತ್ರ ನಿಂತಿತು, ಆರು ವರ್ಷ ಎಳೆಯಿತು, ಕೊನೆಗೆ ದೊಡ್ಡ ಮೊತ್ತದ ಪರಿಹಾರ ಬಂತು.

ಯಾಕೆ ಹೀಗಾಯಿತು ಎಂಬುದೇ ಈ ಬರಹದ ವಿಷಯ. ಇಲ್ಲಿ ಹೇಳಿರುವುದೆಲ್ಲ ಬಹಿರಂಗವಾಗಿ ವರದಿಯಾದದ್ದು, ಕೋರ್ಟಿನ ಮುಂದೆ ಬಂದದ್ದು. ಆದರೂ ಕುಟುಂಬದ ಹೆಸರು, ಅಧಿಕಾರಿಯ ಹೆಸರು, ಊರಿನ ಹೆಸರು ಬೇಡ. ಅಜ್ಜ, ಅಧಿಕಾರಿ, ನಗರಸಭೆ ಎಂದರೆ ಸಾಕು.

ಹಿನ್ನೆಲೆ

2015ರ ಫೆಬ್ರವರಿ. ಹಂಟ್ಸ್‌ವಿಲ್ ಹತ್ತಿರದ ಒಂದು ಚಿಕ್ಕ ಊರು. ಆ ಕಡೆ ರಾಕೆಟ್ ಮತ್ತು ರಕ್ಷಣಾ ಕಂಪನಿಗಳು ಜಾಸ್ತಿ, ಹಾಗಾಗಿ ಓದಿಕೊಂಡು ಕೆಲಸಕ್ಕೆ ಬಂದ ಭಾರತೀಯ ಕುಟುಂಬಗಳೂ ಇವೆ. ಅಂಥ ಒಂದು ಮನೆಗೆ ಗುಜರಾತಿನಿಂದ ಅಜ್ಜ ಬಂದಿದ್ದರು. ವಯಸ್ಸು ಐವತ್ತು ದಾಟಿದೆ, ಸಣಕಲು ಮೈ, ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು. ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಈ ಚಿತ್ರ ನಮಗೆ ಹೊಸದಲ್ಲ. ಮಗಳ ಬಾಣಂತನಕ್ಕೆಂದು ಹೋಗುವ ನಮ್ಮ ಕಡೆಯ ಅಮ್ಮಂದಿರು, ಜೊತೆಗೆ ಹೋಗಿ ಹೊತ್ತು ಹೋಗದೆ ಬೆಳಿಗ್ಗೆ ವಾಕಿಂಗ್ ಹೊರಡುವ ಅಪ್ಪಂದಿರು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತಾರೆ. ಅಮೆರಿಕದ ಹಲವು ಬಡಾವಣೆಗಳಲ್ಲಿ ಒಂದು ವಿಚಿತ್ರ ಇದೆ. ಅಲ್ಲಿ ಹಗಲು ಹೊತ್ತು ಯಾರೂ ಸುಮ್ನೆ ನಡೆಯುವುದಿಲ್ಲ. ಎಲ್ಲರೂ ಕಾರಿನಲ್ಲಿ ಹೋಗುವ ಕಡೆ ನಡೆಯುವವನೇ ಕಣ್ಣಿಗೆ ಬೀಳುತ್ತಾನೆ.

ಅವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಚಳಿಗೆ ಉಣ್ಣೆಯ ಟೋಪಿ ಹಾಕಿಕೊಂಡು ಅಜ್ಜ ವಾಕಿಂಗ್ ಹೊರಟರು. ಬಡಾವಣೆಯ ಒಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಸಣಕಲು ಕಪ್ಪು ಮನುಷ್ಯನೊಬ್ಬ ಗ್ಯಾರೇಜುಗಳ ಹತ್ತಿರ ಓಡಾಡುತ್ತಿದ್ದಾನೆ, ಮೊದಲು ಯಾವತ್ತೂ ನೋಡಿಲ್ಲ, ಹೆಂಡತಿಯನ್ನು ಮನೆಯಲ್ಲಿ ಒಬ್ಬಳೇ ಬಿಟ್ಟು ಹೋಗಲು ಭಯ ಎಂದರು. ವಯಸ್ಸು ಮೂವತ್ತರ ಆಸುಪಾಸು ಎಂದೂ ಹೇಳಿದರು. ಯಾರದೋ ಮನೆಗೆ ನುಗ್ಗಿದ, ಏನೋ ಕದ್ದ ಎಂಬ ಮಾತು ಆ ಕರೆಯಲ್ಲಿ ಇರಲಿಲ್ಲ. ಇಡೀ ಕೇಸು ಮುಂದೆ ಈ ಒಂದು ಇಲ್ಲದ ಸಂಗತಿಯ ಸುತ್ತ ತಿರುಗಿತು.

ಫುಟ್‌ಪಾತಿನ ಮೇಲೆ

ಬಂದವರು ಇಬ್ಬರು. ಒಬ್ಬ ಹೊಸಬ, ತರಬೇತಿಯಲ್ಲಿದ್ದವನು. ಇನ್ನೊಬ್ಬರು ಅವನಿಗೆ ಕೆಲಸ ಕಲಿಸುತ್ತಿದ್ದ ಅಧಿಕಾರಿ. ಅಜ್ಜನನ್ನು ನೆಲಕ್ಕೆ ಕೆಡವಿದ್ದು ಕಲಿಯುತ್ತಿದ್ದವನಲ್ಲ, ಕಲಿಸುತ್ತಿದ್ದವರು. ಇದು ಸಣ್ಣ ವಿಷಯ ಅಲ್ಲ ಎಂದು ನನಗನಿಸುತ್ತದೆ. ಗಾಬರಿಬಿದ್ದ ಹೊಸ ಹುಡುಗ ಎಂಬ ನೆಪ ಇಲ್ಲಿ ಸಿಗುವುದಿಲ್ಲ.

ಅವರು ಅಜ್ಜನನ್ನು ಮಾತಾಡಿಸುತ್ತಾರೆ. ಅಜ್ಜ ತಮಗೆ ಬರುವಷ್ಟು ಹೇಳುತ್ತಾರೆ: ಇಂಡಿಯಾ, ವಾಕಿಂಗ್, ನೋ ಇಂಗ್ಲಿಷ್. ಮನೆಯ ನಂಬರ್ ಹೇಳುತ್ತಾರೆ. ಮನೆಯ ದಿಕ್ಕಿಗೆ ಕೈ ತೋರಿಸುತ್ತಾರೆ. ನಡುವೆ ಒಂದೆರಡು ಹೆಜ್ಜೆ ಅತ್ತ ಹಾಕುತ್ತಾರೆ, ಮತ್ತೆ ನಿಲ್ಲುತ್ತಾರೆ. ಅಧಿಕಾರಿ ಅವರ ಕೈಗಳನ್ನು ಬೆನ್ನ ಹಿಂದೆ ಹಿಡಿದು ಮೈ ತಡಕಲು ಶುರುಮಾಡುತ್ತಾರೆ. ಕೊಸರಬೇಡ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸುತ್ತಾರೆ. ಭಾಷೆ ಗೊತ್ತಿಲ್ಲ ಎಂದು ಆಗಲೇ ಹೇಳಿದ ಮನುಷ್ಯನಿಗೆ! ಮರುಕ್ಷಣ ಕಾಲು ಕೊಟ್ಟು ಕೆಡವುತ್ತಾರೆ. ಕೈಗಳು ಹಿಂದೆ ಅಧಿಕಾರಿಯ ಹಿಡಿತದಲ್ಲಿದ್ದವು, ಬೀಳುವಾಗ ಊರಿಕೊಳ್ಳಲು ಆಗಲಿಲ್ಲ. ಮುಖ ನೆಲಕ್ಕೆ ಬಡಿಯಿತು.

ನಂತರದ ಭಾಗ ನೋಡುವುದು ಕಷ್ಟ. ಎತ್ತಿ ನಿಲ್ಲಿಸಲು ಹೋಗುತ್ತಾರೆ, ಕಾಲು ನಿಲ್ಲುವುದಿಲ್ಲ. ಮತ್ತೆ ಎತ್ತುತ್ತಾರೆ, ಮತ್ತೆ ಕುಸಿಯುತ್ತಾರೆ. ಕುತ್ತಿಗೆಯ ಮೂಳೆಗೆ ಪೆಟ್ಟು ಬಿದ್ದಿತ್ತು. ಆಪರೇಷನ್ ಆಯಿತು. ಕೈಕಾಲಿನ ಸ್ವಾಧೀನ ಪೂರ್ತಿ ಮರಳಿ ಬರಲಿಲ್ಲ.

ಈ ಪ್ರಕರಣದ ಬಗ್ಗೆ ಮಾತಾಡುವವರು ಬಹುತೇಕ ಇದನ್ನು ಭಾಷೆಯ ಸಮಸ್ಯೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಬರುವುದಿಲ್ಲ ಎಂಬುದು ಅಧಿಕಾರಿಗಳಿಗೆ ಮೊದಲಲ್ಲೇ ಗೊತ್ತಾಗಿತ್ತು. ಅಲ್ಲಿಂದ ಮುಂದೆ ಇದ್ದದ್ದು ಅವಸರದ ಸಮಸ್ಯೆ. ಯಾರೂ ಓಡುತ್ತಿರಲಿಲ್ಲ, ಯಾರ ಜೀವಕ್ಕೂ ಅಪಾಯ ಇರಲಿಲ್ಲ. ಹೇಳಿದ ನಂಬರಿನ ಮನೆಯ ಬಾಗಿಲು ಬಡಿದಿದ್ದರೆ ಮುಗಿದುಹೋಗುತ್ತಿತ್ತು.

ಯಾವ ದಾರಿ ಹಿಡಿಯುವುದು

ಮುಂದಿನ ಕೆಲವೇ ದಿನಗಳಲ್ಲಿ ಮೂರು ಕಡೆಯಿಂದ ಚಕ್ರ ತಿರುಗಿತು. ಪೊಲೀಸ್ ಮುಖ್ಯಸ್ಥರು ವಿಡಿಯೋ ಬಿಡುಗಡೆ ಮಾಡಿ, ಅಧಿಕಾರಿಯ ಮೇಲೆ ರಾಜ್ಯದ ಕಾನೂನಿನಡಿ ಹಲ್ಲೆಯ ಆರೋಪ ಹೊರಿಸಿದರು, ಕೆಲಸದಿಂದ ತೆಗೆಯಲು ಶಿಫಾರಸು ಮಾಡಿದರು. ಎಫ್‌ಬಿಐ ತನಿಖೆ ಶುರುಮಾಡಿತು. ಗವರ್ನರ್ ರಾಬರ್ಟ್ ಬೆಂಟ್ಲಿ ಅಟ್ಲಾಂಟಾದಲ್ಲಿರುವ ಭಾರತದ ಕಾನ್ಸುಲೇಟಿಗೆ ಪತ್ರ ಬರೆದು ವಿಷಾದ ಹೇಳಿದರು. ಅತಿಯಾದ ಬಲಪ್ರಯೋಗ ಎಂದು ಅದರಲ್ಲಿ ಒಪ್ಪಿಕೊಂಡರು. ಆನ್‌ಲೈನ್‌ನಲ್ಲಿ ಜನ ಚಿಕಿತ್ಸೆಗೆ ಹಣ ಕೂಡಿಸಿದರು.

ಇಂಥ ಹೊತ್ತಿನಲ್ಲಿ ಯಾವುದೇ ಕುಟುಂಬಕ್ಕೆ ಸರ್ಕಾರವೇ ನಮ್ಮ ಕಡೆ ಇದೆ, ಸ್ವಲ್ಪ ಕಾದು ನೋಡೋಣ ಎನಿಸುವುದು ಸಹಜ, ಅಲ್ವಾ? ಈ ಕುಟುಂಬ ಕಾಯಲಿಲ್ಲ. ಘಟನೆ ನಡೆದು ಒಂದು ವಾರದೊಳಗೇ ಫೆಡರಲ್ (ಕೇಂದ್ರದ) ಕೋರ್ಟಿನಲ್ಲಿ ಸಿವಿಲ್ ಕೇಸು ದಾಖಲಾಯಿತು. ಪ್ರಕರಣದ ಮೊದಲ ದೊಡ್ಡ ತಿರುವು ಇದೇ. ಅವತ್ತು ಅದು ತಿರುವು ಎಂದು ಯಾರಿಗೂ ಅನಿಸಿರಲಾರದು.

ಆ ಕೇಸಿನ ಬುಡದಲ್ಲಿ ಇರುವುದು ಸೆಕ್ಷನ್ 1983. ಇದು 1871ರಲ್ಲಿ ಬಂದ ಕಾಯ್ದೆಯ ತುಣುಕು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಗುಂಪು ಕರಿಯರನ್ನು ಕೊಲ್ಲುತ್ತಿತ್ತು, ಊರಿನ ಶೆರಿಫ್‌ಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಕೆಲವು ಕಡೆ ಅವರೇ ಸೇರಿಕೊಳ್ಳುತ್ತಿದ್ದರು. ಊರಿನ ಕೋರ್ಟಿನಲ್ಲಿ ನ್ಯಾಯ ಸಿಗದವರಿಗೆ ಕೇಂದ್ರದ ಕೋರ್ಟಿನ ಬಾಗಿಲು ತೆರೆದದ್ದು ಈ ಕಾಯ್ದೆ. ರಾಜ್ಯ ಕೊಟ್ಟ ಅಧಿಕಾರವನ್ನು ಬಳಸಿ ಯಾರಾದರೂ ನಿಮ್ಮ ಸಂವಿಧಾನದತ್ತ ಹಕ್ಕು ಕಿತ್ತುಕೊಂಡರೆ, ಆ ವ್ಯಕ್ತಿಯ ಮೇಲೆಯೇ ಕೇಸು ಹಾಕಬಹುದು. ತೊಂಬತ್ತು ವರ್ಷ ಇದು ಹೆಚ್ಚುಕಡಿಮೆ ಪುಸ್ತಕದಲ್ಲೇ ಮಲಗಿತ್ತು. 1961ರಲ್ಲಿ ಸುಪ್ರೀಂ ಕೋರ್ಟ್ ಶಿಕಾಗೋದ ಒಂದು ಪ್ರಕರಣದಲ್ಲಿ ಇದಕ್ಕೆ ಜೀವ ಕೊಟ್ಟಿತು. ವಾರಂಟ್ ಇಲ್ಲದೆ 13 ಪೊಲೀಸರು ಒಂದು ಕಪ್ಪು ಕುಟುಂಬದ ಮನೆಗೆ ಬೆಳಗಿನ ಜಾವ ನುಗ್ಗಿದ್ದ ಪ್ರಕರಣ ಅದು.

ನಮ್ಮವರಿಗೆ ಮುಖ್ಯವಾದ ಮಾತು ಆ ಸೆಕ್ಷನ್ನಿನ ಒಳಗೇ ಇದೆ. ಅಮೆರಿಕದ ಪ್ರಜೆ ಅಥವಾ ಅದರ ವ್ಯಾಪ್ತಿಯಲ್ಲಿರುವ ಬೇರೆ ಯಾವುದೇ ವ್ಯಕ್ತಿ ಎಂದು ಅದು ಹೇಳುತ್ತದೆ. ಅಂದರೆ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಹೋದ ಅಜ್ಜಿಗೂ ಈ ದಾರಿ ಇದೆ. ಪಾಸ್‌ಪೋರ್ಟಿನ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಯಾರ ಮೇಲೆ ಕೇಸು ಹಾಕುವುದು? ನೌಕರ ತಪ್ಪು ಮಾಡಿದರೆ ಮಾಲೀಕ ಹೊಣೆ ಎಂಬ ಸಾಮಾನ್ಯ ನಿಯಮ ಇಲ್ಲಿ ನಡೆಯುವುದಿಲ್ಲ. 1978ರ ಮತ್ತು ಆಮೇಲಿನ ಸುಪ್ರೀಂ ಕೋರ್ಟ್ ತೀರ್ಪುಗಳ ಪ್ರಕಾರ ನಗರಸಭೆಯನ್ನು ಹಿಡಿಯಬೇಕೆಂದರೆ ಅದರ ನೀತಿ, ರೂಢಿ ಅಥವಾ ತರಬೇತಿಯ ಕೊರತೆಯಿಂದಲೇ ಹೀಗಾಯಿತು ಎಂದು ತೋರಿಸಬೇಕು. ಅದು ಕಷ್ಟದ ಕೆಲಸ. ವಕೀಲರು ನಗರಸಭೆಯನ್ನೂ ಅಧಿಕಾರಿಯನ್ನೂ ಸೇರಿಸಿದರು. ಆದರೆ ಕೇಸಿನ ಬೆನ್ನೆಲುಬು ಅಧಿಕಾರಿಯ ಮೇಲಿನ ಅತಿಯಾದ ಬಲಪ್ರಯೋಗದ ಆರೋಪವೇ ಆಗಿತ್ತು. ಜೊತೆಗೆ ರಾಜ್ಯದ ಕಾನೂನಿನಡಿ ಹಲ್ಲೆಯ ಪರಿಹಾರವನ್ನೂ ಕೇಳಿದ್ದರು.

ಕ್ರಿಮಿನಲ್ ಕೇಸು ಬಿದ್ದದ್ದು ಹೇಗೆ

2015ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಧಿಕಾರಿಯ ಮೇಲೆ ನಾಗರಿಕ ಹಕ್ಕು ಉಲ್ಲಂಘನೆಯ ಕ್ರಿಮಿನಲ್ ಆರೋಪ ಹೊರಿಸಿತು. ಸೆಕ್ಷನ್ 242, ಗಾಯವಾಗಿದ್ದರೆ ಹತ್ತು ವರ್ಷದವರೆಗೆ ಜೈಲು. ಎಲ್ಲರ ಕಣ್ಣು ಈ ಕೇಸಿನ ಮೇಲೆಯೇ ಇತ್ತು.

ಮೊದಲ ವಿಚಾರಣೆ ಸೆಪ್ಟೆಂಬರಿನಲ್ಲಿ ನಡೆಯಿತು. ಜ್ಯೂರಿಗೆ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪಿಗೆ, ಒಮ್ಮತ ಬರಲಿಲ್ಲ. ಅದೇ ವರ್ಷ ಎರಡನೇ ವಿಚಾರಣೆ, ಮತ್ತೆ ಒಮ್ಮತವಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶರು ಸರ್ಕಾರದ ಸಾಕ್ಷ್ಯ ಸಾಲದು ಎಂದು ಅಧಿಕಾರಿಯನ್ನು ಖುಲಾಸೆ ಮಾಡಿದರು. ಮೂರನೇ ವಿಚಾರಣೆಗೆ ಅವಕಾಶವೇ ಉಳಿಯಲಿಲ್ಲ. ಕೆಲವು ತಿಂಗಳ ನಂತರ ರಾಜ್ಯದ ಹಲ್ಲೆ ಆರೋಪವೂ ಬಿತ್ತು. ಅಧಿಕಾರಿ ಕೆಲಸಕ್ಕೆ ವಾಪಸಾದರು.

ಆಗ ಭಾರತದಲ್ಲಿ ಜನ ಇದನ್ನು ಬರೀ ಜನಾಂಗದ್ವೇಷದ ತೀರ್ಪು ಎಂದು ಬೈದರು. ಸಿಟ್ಟು ಅರ್ಥವಾಗುತ್ತದೆ. ಆದರೆ ಒಳಗೆ ನಡೆದದ್ದನ್ನು ನೋಡಿದರೆ ಕಾನೂನಿನ ಪ್ರಶ್ನೆಯೇ ಆ ಕೇಸಿನ ಕಾಲು ಹಿಡಿದಿತ್ತು.

ಸೆಕ್ಷನ್ 242 ಕೇಳುವ ಪ್ರಶ್ನೆ ಇದು: ಅಧಿಕಾರಿ ಬೇಕೆಂದೇ ಹಕ್ಕು ಕಿತ್ತುಕೊಂಡರೇ? 1945ರಲ್ಲಿ ಜಾರ್ಜಿಯಾದ ಒಬ್ಬ ಶೆರಿಫ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಗೆರೆ ಅದು. ಬಲ ಜಾಸ್ತಿಯಾಯಿತು ಎಂದರೆ ಸಾಲದು. ಅದು ತಪ್ಪೆಂದು ತಿಳಿದೂ, ಆ ಉದ್ದೇಶದಿಂದಲೇ ಮಾಡಿದರು ಎಂದು ತೋರಿಸಬೇಕು. ಅದೂ ಅನುಮಾನಕ್ಕೆ ಎಡೆಯಿಲ್ಲದಂತೆ. ಕ್ಯಾಮೆರಾ ಕೈಕಾಲನ್ನು ತೋರಿಸುತ್ತದೆ, ಮನಸ್ಸಿನ ಒಳಗೆ ಇಣುಕುವುದಿಲ್ಲ. ಅಜ್ಜ ಕೈ ಕೊಸರಿಕೊಂಡರು, ಆಯುಧ ಇರಬಹುದೆಂದು ಭಯವಾಯಿತು ಎಂದು ಅಧಿಕಾರಿ ಹೇಳಿದರು. ಇದನ್ನು ಪೂರ್ತಿ ನಂಬಬೇಕಿಲ್ಲ. ಇರಬಹುದೇನೋ ಎಂದು ಒಬ್ಬ ಜ್ಯೂರಿ ಸದಸ್ಯನಿಗೆ ಅನಿಸಿದರೂ ಶಿಕ್ಷೆ ಇಲ್ಲ.

ಇನ್ನೊಂದು ಪೆಟ್ಟು ಇಲಾಖೆಯ ಒಳಗಿನಿಂದಲೇ ಬಂತು. ಮುಖ್ಯಸ್ಥರು ಸಾಕ್ಷಿ ಕಟ್ಟೆಯಲ್ಲಿ ನಿಂತು ಇದು ನಿಯಮ ಮೀರಿದ ಬಲಪ್ರಯೋಗ ಎಂದರು. ಅದೇ ಇಲಾಖೆಯ ಬೇರೆ ಪೊಲೀಸರು ಬಂದು ತರಬೇತಿಯಲ್ಲಿ ಹೇಳಿಕೊಟ್ಟಂತೆಯೇ ಇದೆ ಎಂದರು. ತರಬೇತಿಯೇ ಹೀಗಿದ್ದರೆ ಬೇಕೆಂದೇ ತಪ್ಪು ಮಾಡಿದ ಎನ್ನುವುದು ಹೇಗೆ? ಸಾಲದ್ದಕ್ಕೆ, ವಿಚಾರಣೆ ನಡೆಯುತ್ತಿರುವಾಗ ಸಾಕ್ಷಿಗಳಿಗೆ ಅದರ ವಿಷಯ ಇಮೇಲ್ ಮಾಡಿದ ಕಾರಣಕ್ಕೆ ಆ ಮುಖ್ಯಸ್ಥರೇ ನ್ಯಾಯಾಂಗ ನಿಂದನೆ ಎದುರಿಸಬೇಕಾಯಿತು. ಪ್ರಾಸಿಕ್ಯೂಷನ್ ನೆಚ್ಚಿಕೊಂಡಿದ್ದ ದೊಡ್ಡ ಸಾಕ್ಷಿಯ ಮೇಲೆಯೇ ಮಸಿ ಬಿತ್ತು.

ನನ್ನ ಮಟ್ಟಿಗೆ, ಈ ಕಾನೂನಿನ ಚೌಕಟ್ಟಿನಲ್ಲಿ ಆ ಖುಲಾಸೆ ಅಸಂಬದ್ಧ ಅಲ್ಲ. ಚೌಕಟ್ಟು ಸರಿಯೇ ಎಂಬುದು ಬೇರೆ ಮಾತು.

ಪ್ರಶ್ನೆ ಬದಲಾದಾಗ

ಕ್ರಿಮಿನಲ್ ಖುಲಾಸೆಯಿಂದ ಸಿವಿಲ್ ಕೇಸು ಸಾಯಲಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಅಜ್ಜ ಬರೀ ಸಾಕ್ಷಿ, ಕೇಸು ನಡೆಸಿದ್ದು ಸರ್ಕಾರ. ಸರ್ಕಾರ ಸೋತಿದ್ದು ಅಜ್ಜನ ಲೆಕ್ಕಕ್ಕೆ ಬರುವುದಿಲ್ಲ. ವಾರದೊಳಗೆ ಹಾಕಿದ ಕೇಸು ಹಾಗೇ ಇತ್ತು. ಅಲಬಾಮಾದಲ್ಲಿ ಇಂಥ ಕೇಸಿಗೆ ಎರಡು ವರ್ಷದ ಗಡುವು. ಕ್ರಿಮಿನಲ್ ಕೇಸಿನ ಫಲ ನೋಡಿಯೇ ಮುಂದೆ ಹೋಗೋಣ ಎಂದು ಕೂತಿದ್ದರೆ ಒಂದು ವರ್ಷ ಅಲ್ಲೇ ಹೋಗುತ್ತಿತ್ತು.

ಸಿವಿಲ್ ಕೇಸಿನಲ್ಲಿ ಎರಡು ಸಂಗತಿ ಬದಲಾಗುತ್ತವೆ. ಸಾಬೀತಿನ ಅಳತೆ ಇಳಿಯುತ್ತದೆ. ಯಾವ ಕಡೆ ಸಂಭವ ಜಾಸ್ತಿ ಎಂದು ತೂಗಿದರೆ ಸಾಕು. ಅದಕ್ಕಿಂತ ದೊಡ್ಡ ಬದಲಾವಣೆ ಪ್ರಶ್ನೆಯದು. ಇಲ್ಲಿ ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತು ಎಂಬುದು ಬೇಡವೇ ಬೇಡ. 1989ರ ಗ್ರಹಾಂ ವರ್ಸಸ್ ಕಾನರ್ ತೀರ್ಪಿನ ಪ್ರಕಾರ, ಅದೇ ಜಾಗದಲ್ಲಿ ಒಬ್ಬ ಸಮಂಜಸ ಪೊಲೀಸ್ ಅಧಿಕಾರಿ ಇದ್ದಿದ್ದರೆ ಇಷ್ಟು ಬಲ ಬಳಸುತ್ತಿದ್ದನೇ ಎಂದು ಕೇಳಬೇಕು. ಅದಕ್ಕೆ ಮುಖ್ಯವಾಗಿ ಮೂರು ವಿಷಯ ನೋಡುತ್ತಾರೆ. ಅಪರಾಧ ಎಷ್ಟು ಗಂಭೀರ? ಎದುರಿದ್ದವನಿಂದ ತಕ್ಷಣದ ಅಪಾಯ ಇತ್ತೇ? ಅವನು ಪ್ರತಿಭಟಿಸುತ್ತಿದ್ದನೇ, ಓಡುತ್ತಿದ್ದನೇ?

ಈಗ ಅದೇ ವಿಡಿಯೋ ಹಾಕಿ ನೋಡಿ. ಅಪರಾಧ ಯಾವುದೂ ಇಲ್ಲ, ಫೋನ್ ಮಾಡಿದವರೂ ಅಪರಾಧ ನೋಡಿದೆ ಎನ್ನಲಿಲ್ಲ. ಕೈಯಲ್ಲಿ ಆಯುಧ ಇಲ್ಲ. ಎರಡು ಕೈಯೂ ಅಧಿಕಾರಿಯ ಹಿಡಿತದಲ್ಲಿ. ಇನ್ನು ಉಳಿದದ್ದು ಕೊಸರಿಕೊಂಡರೇ ಎಂಬ ಒಂದೇ ಪ್ರಶ್ನೆ. ಹಾಗೆಂದು ವಿಡಿಯೋದಲ್ಲಿ ಖಚಿತವಾಗಿ ಕಾಣುವುದಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಈ ಮಬ್ಬು ಅಧಿಕಾರಿಯನ್ನು ಕಾಪಾಡಿತ್ತು. ಸಿವಿಲ್ ಕೇಸಿನ ಆರಂಭದ ಹಂತದಲ್ಲಿ ಅದೇ ಮಬ್ಬು ಅಜ್ಜನ ಪರವಾಗಿ ನಿಂತಿತು. ವಿಚಾರಣೆಗೆ ಮೊದಲೇ ಕೇಸು ವಜಾ ಮಾಡಿ ಎಂದು ಪ್ರತಿವಾದಿ ಕೇಳಿದಾಗ, ವಿವಾದ ಇರುವ ಸಂಗತಿಗಳನ್ನು ಕೋರ್ಟು ಫಿರ್ಯಾದಿಯ ಪರವಾಗಿಯೇ ಓದಬೇಕು. ವಿಡಿಯೋ ಅವರ ಮಾತನ್ನು ಸಂಪೂರ್ಣ ಸುಳ್ಳು ಮಾಡಿದರೆ ಮಾತ್ರ ಬೇರೆ. ಇಲ್ಲಿ ಹಾಗಿರಲಿಲ್ಲ.

ಒಂದೇ ವಿಡಿಯೋ, ಎರಡು ಫಲ ಎಂಬ ಒಗಟಿಗೆ ಉತ್ತರ ಇಷ್ಟೇ. ಇದನ್ನು ಹೇಳಲು ಇಷ್ಟು ಸುತ್ತಿ ಬಂದೆ, ಯಾಕೆಂದರೆ ವಿಡಿಯೋ ಇದೆಯಲ್ಲ, ಇನ್ನೇನು ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳುತ್ತೇವೆ.

ದೊಡ್ಡ ಗೋಡೆ

ಹಾಗಂತ ಸಿವಿಲ್ ದಾರಿ ಸಲೀಸು ಅಲ್ಲ. ಅಲ್ಲಿ ಕ್ವಾಲಿಫೈಡ್ ಇಮ್ಯುನಿಟಿ ಎಂಬ ಗೋಡೆ ಇದೆ. ಇದು 1871ರ ಕಾಯ್ದೆಯಲ್ಲಿ ಬರೆದಿಟ್ಟದ್ದಲ್ಲ. ಕೋರ್ಟುಗಳೇ ಕಟ್ಟಿದ್ದು, 1982ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಅಧಿಕಾರಿ ಹಕ್ಕು ಮೀರಿದ್ದು ನಿಜವೇ ಆದರೂ, ಅದು ತಪ್ಪು ಎಂದು ಆ ದಿನಕ್ಕೆ ಸ್ಪಷ್ಟವಾಗಿ ಸ್ಥಾಪಿತವಾಗಿರಬೇಕು. ಇಲ್ಲದಿದ್ದರೆ ಪರಿಹಾರದ ಕೇಸೇ ಇಲ್ಲ. ಸ್ಪಷ್ಟವಾಗಿ ಅಂದರೆ, ಹೆಚ್ಚಾಗಿ, ಇದೇ ಥರದ ಸಂದರ್ಭದಲ್ಲಿ ಮೇಲಿನ ಕೋರ್ಟು ಹಿಂದೆ ಕೊಟ್ಟ ತೀರ್ಪು ತೋರಿಸಬೇಕು. ಹಿಂದಿನ ಕೇಸಿನಲ್ಲಿ ಆತ ಮಲಗಿದ್ದ, ಈ ಕೇಸಿನಲ್ಲಿ ಕೂತಿದ್ದ ಎಂಬಂಥ ವ್ಯತ್ಯಾಸ ಹುಡುಕಿ ಬಿದ್ದುಹೋದ ಕೇಸುಗಳು ಬೇಕಾದಷ್ಟಿವೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಈ ಗೋಡೆ ಒಡೆಯಬೇಕೆಂದು ಅಮೆರಿಕದಲ್ಲಿ ದೊಡ್ಡ ಕೂಗು ಎದ್ದಿತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮಸೂದೆ ಬಂತು, ಪಾಸಾಗಲಿಲ್ಲ.

ಈ ಗೋಡೆಗೆ ಇನ್ನೊಂದು ಗುಣ ಇದೆ. ಕೆಳಗಿನ ಕೋರ್ಟು ರಕ್ಷಣೆ ಇಲ್ಲ ಎಂದರೆ ಅಧಿಕಾರಿ ವಿಚಾರಣೆಗೆ ಮೊದಲೇ ಮೇಲ್ಮನವಿ ಹಾಕಬಹುದು. ಸಾಮಾನ್ಯ ಕೇಸಿನಲ್ಲಿ ತೀರ್ಪು ಬಂದ ಮೇಲೆ ಅಪೀಲು. ಇಲ್ಲಿ ತೀರ್ಪಿಗೂ ಮೊದಲೇ ಅಪೀಲು. ಅಷ್ಟೂ ಹೊತ್ತು ಕೇಸು ನಿಂತ ನೀರು. ಗಾಯಗೊಂಡ ವೃದ್ಧರೊಬ್ಬರಿಗೆ ಈ ವಿಳಂಬವೇ ಒಂದು ಒತ್ತಡ. ಕಡಿಮೆ ಹಣಕ್ಕೆ ರಾಜಿಯಾಗಿ ಬಿಡೋಣ ಎನಿಸುವುದು ಇಲ್ಲೇ.

ಈ ಪ್ರಕರಣದಲ್ಲಿ ಕೆಳಗಿನ ಕೋರ್ಟು ರಕ್ಷಣೆ ಕೊಡಲಿಲ್ಲ. ಅಧಿಕಾರಿ ಅಟ್ಲಾಂಟಾದ ಹನ್ನೊಂದನೇ ಸರ್ಕಿಟ್ ಮೇಲ್ಮನವಿ ಕೋರ್ಟಿಗೆ ಹೋದರು (ಸರ್ಕಿಟ್ ಎಂದರೆ ಕೆಲವು ರಾಜ್ಯಗಳನ್ನು ಸೇರಿಸಿದ ಮೇಲ್ಮನವಿ ವಲಯ). ಅವರ ಕಡೆಯಿಂದ ನೋಡಿದರೆ ಅದು ಸಹಜ ಹೆಜ್ಜೆ. ಗೆದ್ದರೆ ಕೇಸೇ ಮುಗಿಯುತ್ತಿತ್ತು. 2020ರ ಮೇ ತಿಂಗಳಲ್ಲಿ ಉತ್ತರ ಬಂತು. ಅಜ್ಜನ ಕಡೆಯ ಸಂಗತಿಗಳನ್ನು ನಂಬುವುದಾದರೆ, ಗಂಭೀರ ಅಪರಾಧ ಏನೂ ಮಾಡದ, ಪ್ರತಿಭಟಿಸದ, ಹಿಡಿತದಲ್ಲಿದ್ದ ಮನುಷ್ಯನನ್ನು ಹಾಗೆ ನೆಲಕ್ಕೆ ಅಪ್ಪಳಿಸುವುದು ಅತಿಯಾದ ಬಲಪ್ರಯೋಗ. ಅದು ತಪ್ಪು ಎಂಬುದು 2015ಕ್ಕೂ ಬಹಳ ಹಿಂದೆಯೇ ಆ ಸರ್ಕಿಟ್‌ನಲ್ಲಿ ಸ್ಪಷ್ಟವಾಗಿತ್ತು. ರಕ್ಷಣೆ ಇಲ್ಲ. ರಾಜ್ಯದ ಹಲ್ಲೆ ಆರೋಪಕ್ಕೂ ರಕ್ಷಣೆ ಇಲ್ಲ. ನಿಜವಾಗಿ ಕೊಸರಿಕೊಂಡರೇ ಇಲ್ಲವೇ ಎಂಬುದನ್ನು ಜ್ಯೂರಿಯೇ ಹೇಳಲಿ.

ಎರಡನೇ ತಿರುವು ಇದು. ಬಾಣ ಬಿಟ್ಟವರ ಕಡೆಗೇ ತಿರುಗಿತು. ಅಪೀಲು ಹಾಕದೇ ಇದ್ದಿದ್ದರೆ ಇದೊಂದು ಜಿಲ್ಲಾ ಮಟ್ಟದ ಆದೇಶವಾಗಿ ಉಳಿಯುತ್ತಿತ್ತು. ಅಪೀಲಿನಿಂದಾಗಿ ಮೂರು ರಾಜ್ಯಗಳಿಗೆ ಅನ್ವಯಿಸುವ ತೀರ್ಪಾಯಿತು.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ನೆನಪಾಗುತ್ತದೆ. ಅದರ ಮುಂದಿನ ತಿಂಗಳು, ಅಂದರೆ 2020ರ ಜೂನಿನಲ್ಲಿ, ನಮ್ಮ ಸುಪ್ರೀಂ ಕೋರ್ಟು ಬೆಂಗಳೂರಿನ ಒಬ್ಬ ಪೊಲೀಸ್ ಅಧಿಕಾರಿಯ ಮೇಲಿನ ಕ್ರಿಮಿನಲ್ ದೂರನ್ನು ರದ್ದು ಮಾಡಿತು. ಕಸ್ಟಡಿಯಲ್ಲಿ ಹೊಡೆದರು ಎಂಬ ಆರೋಪ ಅದು. ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 170ರ ಪ್ರಕಾರ, ಕರ್ತವ್ಯದ ನೆಪದಲ್ಲಿ ಅಧಿಕಾರ ಮೀರಿದರೂ ಸರ್ಕಾರದ ಪೂರ್ವಾನುಮತಿ ಬೇಕು, ಅದು ಇಲ್ಲಿ ಇರಲಿಲ್ಲ ಎಂಬುದು ಕಾರಣ. ಪರಿಹಾರದ ದಾರಿ ನಮ್ಮಲ್ಲೂ ಇದೆ. 1993ರ ನೀಲಾವತಿ ಬೆಹೆರಾ ತೀರ್ಪು, 1996ರ ಡಿ.ಕೆ. ಬಸು ತೀರ್ಪು ಅದನ್ನು ಗಟ್ಟಿ ಮಾಡಿದವು. ಆದರೆ ಅಲ್ಲಿ ರಿಟ್ ಹಾಕಿ ಕೇಳುವುದು ಸರ್ಕಾರವನ್ನು. ಅಧಿಕಾರಿಯನ್ನೇ ಹೆಸರು ಹಿಡಿದು ಜ್ಯೂರಿಯ ಮುಂದೆ ನಿಲ್ಲಿಸುವ ದಾರಿ ನಮಗಿಲ್ಲ. ಎರಡೂ ದೇಶದಲ್ಲಿ ಗೋಡೆ ಇದೆ. ನಮ್ಮಲ್ಲಿ ಅದರ ಬೀಗದಕೈ ಸರ್ಕಾರದ ಹತ್ತಿರ, ಅವರಲ್ಲಿ ಹಳೆಯ ತೀರ್ಪಿನ ಪುಟದಲ್ಲಿ.

ರಾಜಿ

2021ರಲ್ಲಿ ರಾಜಿಯಾಯಿತು. ಮೊತ್ತ 17.5 ಲಕ್ಷ ಡಾಲರ್. ಜ್ಯೂರಿಯ ಮುಂದೆ ಸಿವಿಲ್ ವಿಚಾರಣೆ ನಡೆಯಲೇ ಇಲ್ಲ.

ಕೇಳಲು ದೊಡ್ಡ ಹಣ. ಆದರೆ ಅಮೆರಿಕದ ಆಸ್ಪತ್ರೆ ಬಿಲ್ಲು ನೋಡಿದವರಿಗೆ ಬೆನ್ನುಹುರಿ ಆಪರೇಷನ್, ಆಮೇಲಿನ ಫಿಸಿಯೋಥೆರಪಿ, ಜೀವನಪೂರ್ತಿ ಆರೈಕೆ ಎಂದರೆ ಎಷ್ಟಾಗುತ್ತದೆ ಎಂದು ಗೊತ್ತು. ಇಂಥ ಕೇಸುಗಳಲ್ಲಿ ವಕೀಲರು ಹೆಚ್ಚಾಗಿ ಮೊದಲು ಹಣ ತೆಗೆದುಕೊಳ್ಳುವುದಿಲ್ಲ, ಬಂದದ್ದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಗೆದ್ದರೆ ಎದುರಾಳಿಯಿಂದಲೇ ವಕೀಲರ ಫೀಸು ಕೊಡಿಸುವ ಕಾನೂನು 1976ರಿಂದ ಇದೆ. ಬಡವರೂ ಈ ಕೇಸು ಹಾಕಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಅದರಿಂದ. ಪರಿಹಾರದ ಹಣ ಸಾಮಾನ್ಯವಾಗಿ ಅಧಿಕಾರಿಯ ಜೇಬಿನಿಂದ ಹೋಗುವುದಿಲ್ಲ. ಊರಿನ ಖಜಾನೆ ಅಥವಾ ವಿಮಾ ಕಂಪನಿ ಕಟ್ಟುತ್ತದೆ.

ರಾಜಿ ಮಾಡಿಕೊಂಡದ್ದು ಸರಿಯೇ? ಹೊರಗಿನಿಂದ ನೋಡುವವರಿಗೆ ವಿಚಾರಣೆ ನಡೆಯಬೇಕಿತ್ತು, ತಪ್ಪಿತಸ್ಥ ಎಂಬ ಮಾತು ಬರಬೇಕಿತ್ತು ಎನಿಸುತ್ತದೆ. ನನಗೂ ಒಮ್ಮೆ ಹಾಗೆನಿಸಿತ್ತು. ಆದರೆ ಅದೇ ಪ್ರದೇಶದ ಎರಡು ಜ್ಯೂರಿಗಳು ಇದೇ ವಿಡಿಯೋ ನೋಡಿ ಒಮ್ಮತಕ್ಕೆ ಬರದೆ ಹೋಗಿದ್ದವು. ಮೂರನೆಯದರ ಮೇಲೆ ಆ ಅಜ್ಜನ ಉಳಿದ ಬದುಕನ್ನು ಪಣಕ್ಕಿಡಿ ಎಂದು ದೂರದಲ್ಲಿ ಕೂತು ಹೇಳುವುದು ಸುಲಭ. ಸರಿಯಾದ ಹೊತ್ತಿಗೆ ಮಾಡಿದ ರಾಜಿ ಎಂದೇ ನಾನು ಹೇಳುತ್ತೇನೆ. ಮೇಲಿನ ಕೋರ್ಟಿನ ತೀರ್ಪು ಕೈಗೆ ಬರುವ ಮುಂಚೆ ಕೂತಿದ್ದರೆ ಇಷ್ಟು ಬಲ ಇರುತ್ತಿರಲಿಲ್ಲ.

ಓದುವವರಿಗೆ ದಕ್ಕುವುದು

ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಮಕ್ಕಳು ಅವರ ಜೇಬಿನಲ್ಲಿ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಇಡುತ್ತಾರೆ. ಒಳ್ಳೆಯದೇ. ಆದರೆ ಪೊಲೀಸರು ಎದುರಿರುವಾಗ ಆ ಚೀಟಿ ತೆಗೆಯಲು ಜೇಬಿಗೆ ಕೈ ಹಾಕುವುದೇ ಅಪಾಯ. ಅದನ್ನು ಕುತ್ತಿಗೆಗೆ ಹಾಕುವ ಐಡಿ ಕಾರ್ಡಿನಂತೆ ಹೊರಗೆ ಕಾಣುವ ಹಾಗೆ ಇಟ್ಟುಕೊಳ್ಳುವುದು ವಾಸಿ. ನಿಂತಲ್ಲೇ ನಿಲ್ಲಿ, ಕೈ ಕಾಣಲಿ, ತಿರುಗಿ ನಡೆಯಬೇಡಿ ಎಂದು ಹೇಳಿಕೊಡಿ. ಇದನ್ನು ಬರೆಯುವಾಗ ಸಿಟ್ಟೂ ಬರುತ್ತದೆ. ಕಲಿಯಬೇಕಾದವರು ಅಜ್ಜಂದಿರಲ್ಲ. ಆದರೂ ಹೇಳಿಕೊಡಿ. ಆ ಕೇಸಿನಲ್ಲಿ ಅಜ್ಜ ಅತ್ತ ಹಾಕಿದ ಒಂದೆರಡು ಹೆಜ್ಜೆಗಳನ್ನೇ ಡಿಫೆನ್ಸ್ ವಕೀಲರು ಮತ್ತೆ ಮತ್ತೆ ಎತ್ತಿ ಆಡಿದರು.

ಏನಾದರೂ ಆಗಿಬಿಟ್ಟರೆ ಮೊದಲ ವಾರ ಬಹಳ ಮುಖ್ಯ. ಗಾಡಿಯ ಕ್ಯಾಮೆರಾ, ಮೈಮೇಲಿನ ಕ್ಯಾಮೆರಾ, ಪೊಲೀಸರಿಗೆ ಬಂದ ಫೋನ್ ಕರೆ, ಅವರು ತಮ್ಮೊಳಗೆ ಆಡಿಕೊಂಡ ರೇಡಿಯೋ ಮಾತು, ಇವೆಲ್ಲ ಎಲ್ಲ ಕಡೆಯೂ ಶಾಶ್ವತವಾಗಿ ಉಳಿಯುವುದಿಲ್ಲ. ಅಳಿಸಬೇಡಿ ಎಂದು ವಕೀಲರ ಮೂಲಕ ಬರವಣಿಗೆಯಲ್ಲಿ ನೋಟಿಸು ಹೋಗಬೇಕು. ಪಕ್ಕದ ಮನೆಗಳ ಡೋರ್‌ಬೆಲ್ ಕ್ಯಾಮೆರಾದವರನ್ನು ಕೇಳಬೇಕು. ಪೊಲೀಸರು ಹಿಡಿದುಕೊಂಡು ಹೋಗಿದ್ದರೆ ಕಾನ್ಸುಲೇಟಿಗೆ ತಿಳಿಸಿ ಎಂದು ಬಾಯಿಬಿಟ್ಟು ಕೇಳಬೇಕು. 1963ರ ವಿಯೆನ್ನಾ ಒಪ್ಪಂದ ಆ ಹಕ್ಕು ಕೊಟ್ಟಿದೆ. ಕೇಳದಿದ್ದರೆ ತಿಳಿಸದೇ ಇರಬಹುದು. ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೆಲವು ಕಡೆ ಒಂದೇ ವರ್ಷ. ನಗರಸಭೆಯ ಮೇಲೆ ರಾಜ್ಯದ ಕಾನೂನಿನಡಿ ಪರಿಹಾರ ಕೇಳುವುದಾದರೆ ಅದಕ್ಕೂ ಮೊದಲೇ ನೋಟಿಸು ಕೊಡಬೇಕೆಂಬ ನಿಯಮ ಹಲವು ರಾಜ್ಯಗಳಲ್ಲಿದೆ.

ಇನ್ನೊಂದು ಗೆರೆ ನೆನಪಿರಲಿ. ಕೇಸು ಫೆಡರಲ್ ಕೋರ್ಟಿನಲ್ಲಿ ನಡೆದರೂ ಸೆಕ್ಷನ್ 1983 ಹಿಡಿಯುವುದು ಊರಿನ ಮತ್ತು ರಾಜ್ಯದ ಅಧಿಕಾರಿಗಳನ್ನು. ಎಫ್‌ಬಿಐ, ವಲಸೆ ಇಲಾಖೆಯಂಥ ಕೇಂದ್ರದ ಅಧಿಕಾರಿಗಳ ಮೇಲೆ ಈ ಸೆಕ್ಷನ್ ನಡೆಯುವುದಿಲ್ಲ. ಅವರ ಮೇಲೆ 1971ರ ಒಂದು ತೀರ್ಪಿನಿಂದ ತೆರೆದ ಕಿರುದಾರಿ ಇತ್ತು. ಅದನ್ನೂ ಸುಪ್ರೀಂ ಕೋರ್ಟು 2022ರ ಹೊತ್ತಿಗೆ ಬಹುತೇಕ ಮುಚ್ಚಿದೆ. ನಿಮ್ಮನ್ನು ಹಿಡಿದವರ ಎದೆಯ ಮೇಲಿನ ಬ್ಯಾಡ್ಜ್ ಯಾವ ಇಲಾಖೆಯದು ಎಂಬುದರ ಮೇಲೆ ಇಡೀ ಕೇಸು ನಿಲ್ಲಬಹುದು, ಬೀಳಬಹುದು.

ಇನ್ನು 2020ರ ಆ ಮೇಲ್ಮನವಿ ತೀರ್ಪು. ಹಣ ಖರ್ಚಾಗುತ್ತದೆ, ರಾಜಿ ಪತ್ರ ಫೈಲಿಗೆ ಹೋಗುತ್ತದೆ. ತೀರ್ಪು ಮಾತ್ರ ಪುಸ್ತಕದಲ್ಲಿದೆ. ಅಲಬಾಮಾ, ಜಾರ್ಜಿಯಾ, ಫ್ಲೋರಿಡಾದಲ್ಲಿ ಇಂಥದ್ದೇ ಇನ್ನೊಂದು ಕೇಸು ಬಂದರೆ, ತಪ್ಪೆಂದು ನಮಗೆ ಸ್ಪಷ್ಟವಿರಲಿಲ್ಲ ಎಂದು ಅಧಿಕಾರಿ ಹೇಳಿದಾಗ, ಎದುರಿನ ವಕೀಲರು ಮೇಜಿನ ಮೇಲೆ ಇಡುವ ಹಿಂದಿನ ತೀರ್ಪುಗಳಲ್ಲಿ ಈಗ ಇದೂ ಒಂದು. ನಮ್ಮವರು ಜಾಸ್ತಿ ಇರುವ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗೆ ಅದು ಬದ್ಧವಲ್ಲ. ಅಲ್ಲಿನ ವಕೀಲರು ತಮ್ಮ ತಮ್ಮ ಸರ್ಕಿಟ್‌ನ ತೀರ್ಪನ್ನೇ ಹುಡುಕಬೇಕು.